ಕಿರಣ ತಾಗಿದ ಗೆಡ್ಡೆಯು ಮೊಳೆಯದಿರುವ ಕಾರಣ

ಈರುಳ್ಳಿಯನ್ನು ಬೆಳೆದು ಕೂಡಿಡುವವರಿಗೆ ಗೆಡ್ಡೆ ಮೊಳೆಯುವುದರಿಂದ ಆಗುವ ನಷ್ಟವು ಚೆನ್ನಾಗಿ ತಿಳಿದ ಸಂಗತಿಯೇ ಸರಿ. ಕಿತ್ತ ಮೇಲೆ ಕೆಲವು ಕಾಲ ನಿದ್ರಾವಸ್ಥೆಯಲ್ಲಿರುವ ಗೆಡ್ಡೆಯು, ಆ ಅವಧಿ ಮುಗಿದೊಡನೆ ಎಚ್ಚೆತ್ತು, ತನ್ನ ಪದರಗಳಲ್ಲಿ ಶೇಖರಿಸಿಟ್ಟ ಸಾರವನ್ನು ಮೊಳಕೆಗೆ ಉಣಿಸಿ, ತಾನು ಮೆತ್ತಗಾಗಿ ಬೆಲೆ ಕಳೆದುಕೊಳ್ಳುವುದು. ಇದನ್ನು ತಡೆಯುವುದಕ್ಕಾಗಿ ಗೆಡ್ಡೆಗಳ ಮೇಲೆ ಗಾಮಾ ಕಿರಣಗಳನ್ನು ಹಾಯಿಸುವ ಪದ್ಧತಿಯೊಂದು ಬಳಕೆಯಲ್ಲಿದೆ. ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಲಾಸಲ್‌ಗಾಂವ್ ಎಂಬ ಈರುಳ್ಳಿ ಪೇಟೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಈ ಕೆಲಸಕ್ಕೆಂದು ಕಟ್ಟಿದ ‘ಕೃಷಕ್’ ಎಂಬ ಕೇಂದ್ರವು ೨೦೦೨ನೆಯ ಇಸವಿಯಲ್ಲಿ ಆರಂಭವಾಯಿತು.

ಇಂಥ ಗೆಡ್ಡೆಯನ್ನು ಕಂಡವರಲ್ಲಿ ಎರಡು ಸಂದೇಹಗಳು ಹುಟ್ಟುವುದು ಸಹಜ. ತಿನ್ನಲು ಯೋಗ್ಯವೇ ಎಂಬುದು ಒಂದು. ಬೀಜಕ್ಕೆಂದು ನೆಟ್ಟರೆ ಬೆಳೆಯುವುದೇ ಎಂಬುದು ಮತ್ತೊಂದು. ಇವಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ಕಿರಣವು ಗೆಡ್ಡೆಯೊಳಗೆ ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು. ಕಿರಣವು ಮೊಳಕೆಯನ್ನು ಸುಟ್ಟುಬಿಡುವುದೆಂದು ಅನೇಕರು ಭಾವಿಸಿರುವರು. ವಾಸ್ತವವು ಹಾಗಿಲ್ಲ. ಕಿರಣವು ಗಾಯ ಮಾಡುವುದು. ಬೆಳವಣಿಗೆಯನ್ನು ನಿಲ್ಲಿಸುವುದು ಗಾಯಗೊಂಡ ಜೀವಕೋಶವೇ. ಆ ನಿಲುಗಡೆಯು ಹೇಗೆ ಆಜ್ಞೆಯಿಂದ ಆಜ್ಞೆಗೆ ಸಾಗಿ ನೆರವೇರುವುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜೀವಕೋಶವು ಎರಡಾಗುವ ಕ್ರಮ

ಮನೆಯು ಇಟ್ಟಿಗೆಗಳಿಂದ ಆಗಿರುವಂತೆ ಪೈರುಗಳೂ ಪ್ರಾಣಿಗಳೂ ಜೀವಕೋಶಗಳೆಂಬ ಸೂಕ್ಷ್ಮವಾದ ಕೋಣೆಗಳಿಂದ ಆಗಿರುವುವು. ಒಂದು ಕೋಶವು ಬೆಳೆದು ಎರಡಾಗುವುದು, ಎರಡು ನಾಲ್ಕಾಗುವುವು. ಬೇರು ಇಳಿಯುವುದೂ ಚಿಗುರು ಏಳುವುದೂ ಮೊದಲಾಗುವುದು ಹೀಗೆಯೇ. ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ಬಹು ಉದ್ದವಾದ ಜೋಡಿ ಎಳೆಗಳುಂಟು. ಗಿಡದ ಎತ್ತರ, ಬಣ್ಣ, ರುಚಿ ಮುಂತಾದ ಯಾವತ್ತು ವಂಶಗುಣಗಳೂ ಇದರಲ್ಲಿ ಬರೆದಿರುವುವು. ಇದನ್ನು ಗ್ರಾಮದ ಜಮೀನುಗಳ ಮೂಲ ದಫ್ತರಕ್ಕೆ ಹೋಲಿಸಬಹುದು. ಕೋಶವು ಎರಡಾಗುವ ಮುನ್ನ ಈ ದಫ್ತರಕ್ಕೆ ಪೂರ್ತಿಯಾಗಿ ಒಂದು ನಕಲು ಆಗತಕ್ಕದ್ದು. ಆ ಮೇಲೆಯೇ ಇಬ್ಬರು ವಾರಸುದಾರರಿಗೆ ಒಂದೊಂದು ಪ್ರತಿ ಸಲ್ಲುವುದು.

ಈ ಕ್ರಮದಲ್ಲಿ ಬೇರೆ ಬೇರೆ ಘಟ್ಟಗಳಿವೆಯೆಂಬುದನ್ನು ಸ್ಪಷ್ಟಪಡಿಸಿದ್ದು ಒಂದು ಕಾಳಿನ ಬೇರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬವರು ಯೂರೋಪಿನಲ್ಲಿ ಬೆಳೆಯುವ, ದಪ್ಪ ಕಾಳಿನ ಒಂದು ಅವರೆ ಜಾತಿಯ ಎಳೆ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಅದು ಡಿ.ಎನ್.ಎ.ಯಲ್ಲಿ ಯಾವಾಗ ಸೇರುವುದೆಂದು ಪರೀಕ್ಷಿಸಿ, ೧೯೫೩ನೆಯ ಇಸವಿಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಆ ಪ್ರಕಾರ ಘಟ್ಟಗಳು ನಾಲ್ಕು: ನಕಲಿಗೆ ಮುಂಚಿನ ಸಿದ್ಧತೆ, ನಕಲು, ನಕಲಿನ ನಂತರದ ತಪಾಸಣೆ, ಕೊನೆಗೆ ವಿಭಜನೆ. ಆ ಬೇರಿನಲ್ಲಿ ಒಂದು ಸುತ್ತು ಮುಗಿಯಲು ಸುಮಾರು ೩೦ ಗಂಟೆ ಹಿಡಿಯಿತು.

ಕಿರಣದಿಂದ ಆಗುವ ಹಾನಿ

ಕೋಬಾಲ್ಟ್-೬೦ ಎಂಬ ಧಾತುವಿನಿಂದ ಹೊರಡುವ ಗಾಮಾ ಕಿರಣಗಳು ಬೆಳಕಿನ ಜಾತಿಗೇ ಸೇರಿದವು. ಆದರೆ ಅವುಗಳ ಶಕ್ತಿಯು ಬಹು ಹೆಚ್ಚು. ಅವುಗಳ ಪ್ರಮಾಣವನ್ನು ‘ಗ್ರೇ’ ಎಂಬ ಅಳತೆಯಿಂದ ಹೇಳುವರು. ಒಂದು ಕಿಲೋಗ್ರಾಂ ತೂಕದ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ೧ ಗ್ರೇ. ಈರುಳ್ಳಿಗೆ ಸಾಮಾನ್ಯವಾಗಿ ೬೦ ರಿಂದ ೯೦ ಗ್ರೇ ಕೊಡುವುದುಂಟು. ೬೦ ಗ್ರೇ ಶಕ್ತಿಯೆಲ್ಲ ಶಾಖವಾಗಿ ಪರಿಣಮಿಸಿದರೂ ಗೆಡ್ಡೆಯ ಉಷ್ಣತೆಯು ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ ಏರುವುದು. ಮುಂಜಾನೆಯ ಎಳೆಬಿಸಿಲು ಇದಕ್ಕಿಂತ ಹೆಚ್ಚು ಕಾಯಿಸುವುದು. ಆದುದರಿಂದ ಸುಡುವ ಮಾತು ಇಲ್ಲಿ ಸಲ್ಲದು.

ಆದರೆ ಅಷ್ಟೇ ಶಕ್ತಿಯು ಸೂಜಿಯ ಮೊನೆಯಂತೆ ಅಲ್ಲಲ್ಲಿ ಒಟ್ಟುಗೂಡಿ ಬೀಳುವುದರಿಂದ ಡಿ.ಎನ್.ಎ.ಯ ಎಳೆಗಳು ಕಡಿಯುವುವು. ಎರಡರಲ್ಲಿ ಒಂದೇ ಎಳೆ ಕಡಿದರೆ ಇನ್ನೊಂದನ್ನು ನೋಡಿಕೊಂಡು ಕೋಶವು ಸುಲಭವಾಗಿ ಸರಿಪಡಿಸುವುದು. ಎರಡೂ ಎಳೆಗಳು ಒಂದೇ ಸ್ಥಳದಲ್ಲಿ ಕಡಿದರೆ ಅಪಾಯವು ಹೆಚ್ಚು. ಹಾಳೆಯೇ ಹರಿದು ಎರಡಾದಂತೆ. ಮನುಷ್ಯನ ಒಂದು ಕೋಶದಲ್ಲಿ ೧ ಗ್ರೇ ಪ್ರಮಾಣವು ಸುಮಾರು ಒಂದು ಸಾವಿರ ಒಂಟಿ ಕಡಿತಗಳನ್ನೂ, ಮೂವತ್ತು ನಲವತ್ತು ಜೋಡಿ ಕಡಿತಗಳನ್ನೂ ಉಂಟುಮಾಡುವುದು. ಈರುಳ್ಳಿಯ ಡಿ.ಎನ್.ಎ.ಯು ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಅದೇ ಲೆಕ್ಕವನ್ನು ಹಿಡಿದರೆ ೬೦ ಗ್ರೇ ತಾಗಿದ ಗೆಡ್ಡೆಯ ಒಂದೊಂದು ಕೋಶದಲ್ಲಿಯೂ ಜೋಡಿ ಕಡಿತಗಳು ಸಾವಿರಗಟ್ಟಲೆ ಆಗುವುವು.

ಹರಿದ ದಫ್ತರವನ್ನು ಹಾಗೆಯೇ ನಕಲು ಮಾಡಿ ವಾರಸುದಾರರಿಗೆ ಹಂಚಿದರೆ ಮುಂದಿನ ಪೀಳಿಗೆಯಲ್ಲಿ ವ್ಯಾಜ್ಯಗಳಿಗೆ ಕೊನೆಯಿರದು. ಬುದ್ಧಿವಂತನಾದ ಅಧಿಕಾರಿಯು ಮೊದಲು ಕೆಲಸವನ್ನು ನಿಲ್ಲಿಸಿ, ಹಾಳೆಗಳನ್ನು ಸರಿಪಡಿಸಿ, ಬಳಿಕ ಮುಂದುವರಿಯುವನು. ಜೀವಕೋಶವು ಅನುಸರಿಸುವುದೂ ಇದೇ ನೀತಿಯನ್ನೇ.

ಮುದ್ರೆಯೊತ್ತುವ ಪ್ರೋಟೀನುಗಳು

ಕೋಶದೊಳಗಿನ ಕೆಲಸಗಳನ್ನೆಲ್ಲ ನಡೆಸುವುವು ಪ್ರೋಟೀನುಗಳು. ಅವುಗಳಲ್ಲಿ ಕೈನೇಸುಗಳೆಂಬ ಒಂದು ವರ್ಗವುಂಟು. ಕೈನೇಸಿನ ಕೆಲಸವು ಮತ್ತೊಂದು ಪ್ರೋಟೀನಿನ ಗೊತ್ತಾದ ಸ್ಥಾನದಲ್ಲಿ ಫಾಸ್ಫೇಟೆಂಬ ಸಣ್ಣದೊಂದು ಗುಂಪನ್ನು ಅಂಟಿಸುವುದು. ಹೊಲಕ್ಕೆ ಸೂಪರ್ ಫಾಸ್ಫೇಟ್ ಗೊಬ್ಬರದ ರೂಪದಲ್ಲಿ ಹಾಕುವ ರಂಜಕದ ಒಂದಂಶವು ಬೇರಿನ ಮೂಲಕ ಏರಿ ಕೊನೆಗೆ ಈ ಕೆಲಸಕ್ಕೂ ಒದಗುವುದು. ಕಾಗದದ ಮೇಲೆ ಮುದ್ರೆ ಬಿದ್ದೊಡನೆ ಅದು ಆಜ್ಞಾಪತ್ರವಾಗುವಂತೆ, ಫಾಸ್ಫೇಟು ಅಂಟಿದೊಡನೆ ಸುಮ್ಮನಿದ್ದ ಪ್ರೋಟೀನು ಕೆಲಸಕ್ಕೆ ಏಳುವುದು. ಇಲ್ಲವೆ ಕೆಲಸದಲ್ಲಿದ್ದುದು ನಿಲ್ಲುವುದು. ಈ ಮುದ್ರೆಯನ್ನು ಅಳಿಸುವ ಪ್ರೋಟೀನುಗಳೂ ಉಂಟು. ಅಮೆರಿಕದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬವರು ೧೯೫೦ರ ದಶಕದಲ್ಲಿ ಸ್ನಾಯುಗಳಲ್ಲಿ ಈ ಏರ್ಪಾಡನ್ನು ಕಂಡುಹಿಡಿದು, ಅದಕ್ಕಾಗಿ ೧೯೯೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಕೋಶವನ್ನು ಒಂದು ಘಟ್ಟದಿಂದ ಮುಂದಿನ ಘಟ್ಟಕ್ಕೆ ತಳ್ಳುವುದೂ ಒಂದು ಕೈನೇಸೇ. ಸೈಕ್ಲಿನ್ ಎಂಬ ಜೊತೆಗಾರ ಪ್ರೋಟೀನು ಕೂಡಿದಾಗ ಮಾತ್ರ ಅದು ಕೆಲಸ ಮಾಡುವುದು. ಇದಕ್ಕೆ ಇಲ್ಲಿ ‘ಚಾಲಕ ಕೈನೇಸು’ ಎಂದು ಹೆಸರಿಡಬಹುದು. ಇದನ್ನು ಯೀಸ್ಟಿನಲ್ಲಿಯೂ ಸಮುದ್ರದ ಜೀವಿಗಳಲ್ಲಿಯೂ ಶೋಧಿಸಿದ ಲೀಲೆಂಡ್ ಹಾರ್ಟ್‌ವೆಲ್, ಪಾಲ್ ನರ್ಸ್, ಟಿಮ್ ಹಂಟ್ ಎಂಬ ಮೂವರಿಗೆ ೨೦೦೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆಜ್ಞೆಯು ಸಾಗುವ ದಾರಿ

ಮನುಷ್ಯನ ಮತ್ತು ಇತರ ಪ್ರಾಣಿಗಳ ಕೋಶಗಳಲ್ಲಿ ಈ ದಾರಿಯು ಬಹಳ ವಿವರವಾಗಿ ತಿಳಿದುಬಂದಿದೆ. ಕಡಿದ ಎಳೆಯ ತುದಿಯನ್ನು ಮೊದಲು ಕಾಣುವುವು ಕಾವಲುಗಾರರಂತಿರುವ ಕೆಲವು ಪ್ರೋಟೀನುಗಳು. ಅವು ಎ.ಟಿ.ಎಂ. ಎಂಬ ದೊಡ್ಡ ಕೈನೇಸನ್ನು ಸ್ಥಳಕ್ಕೆ ಕರೆಯುವುವು. ಹಣ ಕೊಡುವ ಯಂತ್ರದ ಹೆಸರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಕೈನೇಸು ಕೆಟ್ಟಾಗ ಬರುವ ಒಂದು ರೋಗದ ಹೆಸರಿನಿಂದ ಈ ಅಕ್ಷರಗಳು ಬಂದಿವೆ. ಆ ರೋಗವುಳ್ಳ ಮಕ್ಕಳ ದೇಹವು ಎಕ್ಸ್ ಕಿರಣಗಳನ್ನು ತಾಳಲಾರದು. ಇಸ್ರೇಲಿನ ಯೋಸೆಫ್ ಶಿಲೋ ಎಂಬವರ ತಂಡವು ೧೯೯೫ರಲ್ಲಿ ಇದರ ವಂಶವಾಹಿಯನ್ನು ಪತ್ತೆ ಮಾಡಿತು.

ಸಾಮಾನ್ಯ ಕಾಲದಲ್ಲಿ ಎ.ಟಿ.ಎಂ. ಕೈನೇಸುಗಳು ಎರಡೆರಡಾಗಿ ಒಂದನ್ನೊಂದು ಅಪ್ಪಿಕೊಂಡು ಸುಮ್ಮನಿರುವುವು. ಕಿರಣ ತಾಗಿದೊಡನೆ ಅವು ಒಂದಕ್ಕೊಂದು ಮುದ್ರೆಯೊತ್ತಿ ಬೇರೆಯಾಗಿ ಕೆಲಸಕ್ಕಿಳಿಯುವುವು. ಕ್ರಿಸ್ಟೊಫರ್ ಬಕೆನಿಸ್ಟ್ ಮತ್ತು ಮೈಕೇಲ್ ಕಾಸ್ತನ್ ಎಂಬವರು ೨೦೦೩ರಲ್ಲಿ ಇದನ್ನು ತೋರಿಸಿದರು. ಅರ್ಧ ಗ್ರೇಯಷ್ಟು ಅಲ್ಪ ಪ್ರಮಾಣಕ್ಕೇ, ಕೆಲವೇ ನಿಮಿಷಗಳಲ್ಲಿ, ಕೋಶದೊಳಗಿನ ಎ.ಟಿ.ಎಂ.ಗಳಲ್ಲಿ ಬಹುಪಾಲು ಎಚ್ಚೆತ್ತಿರುವುದು ಕಂಡುಬಂದಿತು.

ಅಲ್ಲಿಂದ ಆಜ್ಞೆಯು ಎರಡು ಕವಲಾಗಿ ಸಾಗುವುದು. ಮೊದಲನೆಯದು ಶೀಘ್ರವಾದದ್ದು. ಎ.ಟಿ.ಎಂ. ಕೈನೇಸು ಸಿ.ಎಚ್.ಕೆ.-೨ ಎಂಬ ಅಧೀನ ಕೈನೇಸಿಗೆ ಮುದ್ರೆಯೊತ್ತುವುದು, ಅದು ಸಿ.ಡಿ.ಸಿ.-೨೫ ಎಂಬ ಪ್ರೋಟೀನಿಗೆ ಮುದ್ರೆಯೊತ್ತಿ ಅದನ್ನು ಕೆಲಸದಿಂದ ತೆಗೆಯುವುದು. ಇದರ ಪರಿಣಾಮವನ್ನು ತಿಳಿಯಲು ಒಂದು ಸಂಗತಿಯನ್ನು ನೆನೆಯಬೇಕು. ಮೇಲೆ ಹೇಳಿದ ಚಾಲಕ ಕೈನೇಸಿನ ಮೇಲೆ ವೀ-೧ ಎಂಬ ಇನ್ನೊಂದು ಕೈನೇಸು ಮೊದಲೇ ಬೀಗಮುದ್ರೆ ಹಾಕಿರುವುದು. ಆ ಬೀಗಮುದ್ರೆಯನ್ನು ತೆಗೆಯತಕ್ಕದ್ದು ಸಿ.ಡಿ.ಸಿ.-೨೫. ಬೀಗ ತೆಗೆಯುವವನೇ ಇಲ್ಲವಾದ ಮೇಲೆ ಬಾಗಿಲು ಮುಚ್ಚಿಯೇ ಇರುವುದು. ಕೋಶವು ವಿಭಜನೆಗೆ ಹೋಗದೆ ನಿಲ್ಲುವುದು.

ಎರಡನೆಯ ಕವಲು ನಿಧಾನವಾದದ್ದು, ಆದರೆ ಬಹುಕಾಲ ನಿಲ್ಲತಕ್ಕದ್ದು. ಇದರಲ್ಲಿ ಎ.ಟಿ.ಎಂ. ಮತ್ತು ಅದರ ಅಧೀನ ಕೈನೇಸುಗಳು ಪಿ-೫೩ ಎಂಬ ಪ್ರೋಟೀನಿಗೆ ಮುದ್ರೆಯೊತ್ತುವುವು. ಮುದ್ರೆ ಬಿದ್ದ ಪಿ-೫೩ ನಾಶವಾಗದೆ ಕೂಡುತ್ತ ಹೋಗಿ, ಪಿ-೨೧ ಎಂಬ ತಡೆಗಾರ ಪ್ರೋಟೀನನ್ನು ಹೊಸದಾಗಿ ತಯಾರಿಸುವಂತೆ ಮಾಡುವುದು. ಆ ತಡೆಗಾರನು ಚಾಲಕ ಕೈನೇಸನ್ನು ಹಿಡಿದು ನಿಲ್ಲಿಸಲಾಗಿ ದಫ್ತರದ ನಕಲಿನ ಕೆಲಸವೇ ಆರಂಭವಾಗದು. ಹಾನಿಯು ಸರಿಹೋದರೆ ಮುದ್ರೆಗಳು ಅಳಿದು ಕೆಲಸವು ಮುಂದುವರಿಯುವುದು; ಸರಿಹೋಗದಷ್ಟು ಹೆಚ್ಚಿದ್ದರೆ ಕೋಶವು ಶಾಶ್ವತವಾಗಿ ನಿಲ್ಲುವುದು, ಇಲ್ಲವೆ ತಾನಾಗಿಯೇ ಸಾಯುವುದು. ಮನುಷ್ಯರ ಕ್ಯಾನ್ಸರ್ ಗಂಟುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ-೫೩ ಕೆಟ್ಟಿರುವುದೆಂಬುದರಿಂದ ಇದರ ಮಹತ್ವವು ವ್ಯಕ್ತವಾಗುವುದು.

ನಿಲುಗಡೆಯು ಜೀವರಕ್ಷಕವೆಂಬುದಕ್ಕೆ ಪ್ರಮಾಣ

ನಿಲ್ಲುವುದೇ ಕಿರಣದ ಪೆಟ್ಟಿನ ಒಂದು ಲಕ್ಷಣವಾಗಿರಬಾರದೇಕೆಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ೧೯೮೮ರಲ್ಲಿ ಅಮೆರಿಕದ ಟೆಡ್ ವೈನರ್ಟ್ ಮತ್ತು ಹಾರ್ಟ್‌ವೆಲ್ ಎಂಬವರು ರೊಟ್ಟಿ ಹುದುಗಿಸುವ ಯೀಸ್ಟಿನಿಂದ ಪಡೆದರು. ಸಾಮಾನ್ಯ ಯೀಸ್ಟಿನ ಕೋಶಗಳು ಎಕ್ಸ್ ಕಿರಣ ತಾಗಿದಾಗ ನಿಂತು, ಸರಿಪಡಿಸಿಕೊಂಡು, ಬದುಕಿದುವು. ಆರ್.ಎ.ಡಿ.-೯ ಎಂಬ ವಂಶವಾಹಿಯು ಕೆಟ್ಟಿದ್ದ ಕೋಶಗಳು ನಿಲ್ಲದೆ ವಿಭಜನೆಗೊಂಡು ಸತ್ತುವು. ಕಿರಣದ ಪೆಟ್ಟೇ ನಿಲ್ಲಿಸುವುದಾಗಿದ್ದರೆ ಇವೂ ನಿಲ್ಲಬೇಕಾಗಿದ್ದಿತು. ಅಷ್ಟೇ ಅಲ್ಲದೆ, ಇಂಥ ಕೋಶಗಳನ್ನು ಕಿರಣ ತಾಗಿದ ಬಳಿಕ ಒಂದು ಔಷಧಿಯಿಂದ ಕೆಲವು ಗಂಟೆಗಳ ಕಾಲ ಬಲವಂತವಾಗಿ ತಡೆದು ಬಿಟ್ಟರೆ ಅವುಗಳಲ್ಲಿ ಹೆಚ್ಚು ಭಾಗ ಬದುಕಿದುವು. ಅವುಗಳಿಗೆ ದುರಸ್ತಿಯ ಶಕ್ತಿ ಇದ್ದಿತು. ಇರದೆ ಇದ್ದುದು ಬಿಡುವು. ಆಗ ಬಳಸಿದ ಔಷಧಿಯು ರೈತರು ಬೂಷ್ಟು ರೋಗಗಳಿಗೆ ಸಿಂಪಡಿಸುತ್ತ ಬಂದ ಕಾರ್ಬೆಂಡಜಿಮ್ ಎಂಬ ಪದಾರ್ಥವೇ ಆಗಿದ್ದುದು ಗಮನಾರ್ಹವಾಗಿದೆ. ಅದು ಬೂಷ್ಟಿನ ಕೋಶವಿಭಜನೆಯನ್ನು ತಡೆಯುವುದರಿಂದಲೇ ರೋಗವು ಹತೋಟಿಗೆ ಬರುವುದು.

ಗಿಡಗಳಲ್ಲಿ ಈ ವ್ಯವಸ್ಥೆ

ಗಿಡಗಳಲ್ಲಿಯೂ ಎ.ಟಿ.ಎಂ. ಕೈನೇಸು ಉಂಟು. ಆದರೆ ಪಿ-೫೩ ಇಲ್ಲ. ಅದರ ಸ್ಥಾನದಲ್ಲಿ ಎಸ್.ಓ.ಜಿ.-೧ ಎಂಬ ಬೇರೊಂದು ಪ್ರೋಟೀನು ಅಧಿಕಾರ ನಡೆಸುವುದು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಇದರ ಗುರುತು ಸಿಕ್ಕಿತು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಶೋಧನೆಯು ೨೦೦೯ರಲ್ಲಿ ಅದರ ಕಾರ್ಯವನ್ನು ವಿವರಿಸಿತು. ಎ.ಟಿ.ಎಂ. ಕೈನೇಸು ಎಸ್.ಓ.ಜಿ.-೧ಕ್ಕೆ ಮುದ್ರೆಯೊತ್ತಿದೊಡನೆ ಅದು ದುರಸ್ತಿಗೆ ಬೇಕಾದ ಪ್ರೋಟೀನುಗಳನ್ನೂ, ಚಾಲಕ ಕೈನೇಸನ್ನು ತಡೆಯುವ ಪ್ರೋಟೀನುಗಳನ್ನೂ ತಯಾರಿಸಲು ಆಜ್ಞೆ ಕೊಡುವುದು. ಎಸ್.ಓ.ಜಿ.-೧ ಕೆಟ್ಟಿರುವ ಸಸಿಗಳು ಕಿರಣ ತಾಗಿದ ಮೇಲೆಯೂ ನಿಲ್ಲದೆ ಎಲೆ ಬಿಡುವುವು; ಆದರೆ ಹರಿದ ದಫ್ತರವು ಹರಿದಂತೆಯೇ ಮುಂದಿನ ಕೋಶಗಳಿಗೆ ಹಂಚಿಹೋಗುವುದು. ಬೆಳವಣಿಗೆಯ ಆತುರವು ವಂಶಕ್ಕೆ ಹಾನಿಯಾಗುವ ಬಗೆಗೆ ಇದು ತಕ್ಕ ನಿದರ್ಶನವು.

ಈರುಳ್ಳಿಯ ಗೆಡ್ಡೆಯೊಳಗೆ

ಬೇಗಬೇಗನೆ ವಿಭಜನೆಗೊಳ್ಳುವ ಕೋಶಗಳಿಗೆ ಕಿರಣದಿಂದ ಹೆಚ್ಚು ಹಾನಿಯೆಂದೂ, ವಿಭಜನೆಯನ್ನು ಮುಗಿಸಿದ ಕೋಶಗಳಿಗೆ ಕಡಿಮೆಯೆಂದೂ ಫ್ರಾನ್ಸಿನ ಬೆರ್ಗೋನ್ಯೆ ಮತ್ತು ತ್ರಿಬೊಂದೋ ಎಂಬವರು ೧೯೦೬ರಲ್ಲಿಯೇ ತಿಳಿಸಿದ್ದರು. ಈರುಳ್ಳಿಯ ದಪ್ಪ ಪದರಗಳ ಕೋಶಗಳು ಎರಡಾಗುವ ಕೆಲಸವನ್ನು ಮುಗಿಸಿದಂಥವು. ಆದುದರಿಂದ ಅವು ಕಿರಣ ತಾಗಿದರೂ ಹೆಚ್ಚು ಬದಲಾಗದೆ ಉಳಿಯುವುವು. ಗೆಡ್ಡೆಯ ನಡುವಿನ ಮೊಳಕೆಯ ಕಣ್ಣು ಮಾತ್ರ ಹಾಗಲ್ಲ. ಅಲ್ಲಿಯ ಕೋಶಗಳು ನಿದ್ರೆ ತಿಳಿದೊಡನೆ ವಿಭಜನೆಗೆ ಹೊರಡತಕ್ಕವು. ಅವುಗಳಲ್ಲಿ ಕಡಿತಗಳು ಸಾವಿರಗಟ್ಟಲೆ ಇರುವುದರಿಂದ ನಿಲುಗಡೆಯ ಆಜ್ಞೆಯು ಹಿಂತೆಗೆಯಲ್ಪಡುವುದಿಲ್ಲ. ಹಾಗೂ ವಿಭಜನೆಗೆ ತೊಡಗಿದ ಕೋಶಗಳು ಸಾಯುವುವು. ಇಂಥ ಕೆಲವು ಗೆಡ್ಡೆಗಳನ್ನು ಸೀಳಿದಾಗ ನಡುವಿನ ಕಣ್ಣು ಕಂದುಬಣ್ಣಕ್ಕೆ ತಿರುಗಿರುವುದು ಕಾಣುವುದು.

ಮೊಳೆತುದೆಲ್ಲವೂ ಬೆಳೆಯಲಾರದು

ಇಲ್ಲಿ ಭೂಮಾಲೀಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ೧೯೬೦ರ ಸುಮಾರಿನಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಶಾಲೆಯಲ್ಲಿ ಹೇಬರ್ ಮತ್ತು ಫೋರ್ಡ್ ಎಂಬವರು ಗೋಧಿಯ ಕಾಳುಗಳಿಗೆ ಅತ್ಯಧಿಕ ಪ್ರಮಾಣದ ಗಾಮಾ ಕಿರಣಗಳನ್ನು ಕೊಟ್ಟು ಬಿತ್ತಿದರು. ಕೋಶವಿಭಜನೆಯು ಪೂರ್ತಿಯಾಗಿ ನಿಂತಿದ್ದರೂ ಕಾಳುಗಳು ಮೊಳೆತು ಹಸಿರು ಎಲೆಯನ್ನು ಮೇಲೆತ್ತಿದುವು! ಕಾಳಿನೊಳಗೆ ಮೊದಲೇ ಇದ್ದ ಕೋಶಗಳು ನೀರು ಹೀರಿ ಉದ್ದವಾದುದೇ ಇದಕ್ಕೆ ಕಾರಣ. ಹೊಸ ಕೋಶಗಳು ಹುಟ್ಟದಿದ್ದುದರಿಂದ ಆ ಸಸಿಗಳು ಸಣ್ಣದರಲ್ಲಿಯೇ ನಿಂತುಹೋದುವು.

ಬೀಜಕ್ಕಾಗಿ ಈರುಳ್ಳಿ ಬೆಳೆಯುವವರು ತಾಯಿಗೆಡ್ಡೆಗಳನ್ನು ನೆಟ್ಟು ಹೂಗೊಂಚಲು ಬರಿಸುವರು. ಕಿರಣ ತಾಗಿದ ಗೆಡ್ಡೆಯು ಹೊರನೋಟಕ್ಕೆ ಬೇರೆ ಗೆಡ್ಡೆಗಳಂತೆಯೇ, ಹಲವು ವೇಳೆ ಅವಕ್ಕಿಂತ ಗಟ್ಟಿಯಾಗಿಯೇ ಇರುವುದು. ಅದನ್ನು ತಾಯಿಗೆಡ್ಡೆಯೆಂದು ನೆಟ್ಟವನು ಉಳುಮೆ, ಗೊಬ್ಬರ, ನೀರು, ಕೂಲಿಗಳೊಂದಿಗೆ ಇಡೀ ಒಂದು ಹಂಗಾಮನ್ನೇ ಕಳೆದುಕೊಳ್ಳುವನು. ಆಲೂಗಡ್ಡೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದು.

ದುರಸ್ತಿಯ ತಪ್ಪಿನಿಂದ ಹೊಸ ತಳಿ

ಬೀಜಗಳಿಗೆ ಮಿತವಾದ ಪ್ರಮಾಣದ ಕಿರಣ ಕೊಟ್ಟಾಗ ಕೋಶಗಳು ನಿಂತು, ಸರಿಪಡಿಸಿಕೊಂಡು, ಮುಂದುವರಿಯುವುವು. ಆದರೆ ದುರಸ್ತಿಯಲ್ಲಿ ಅಲ್ಲಲ್ಲಿ ಅಕ್ಷರಗಳು ತಪ್ಪಿಹೋಗುವುದುಂಟು. ಈ ತಪ್ಪುಗಳಲ್ಲಿ ಹೆಚ್ಚಿನವು ನಿರುಪಯುಕ್ತ. ಅಪರೂಪಕ್ಕೆ ಒಂದು ಉಪಯುಕ್ತವಾಗಿರುವುದು. ಅಮೆರಿಕದ ಸ್ಟ್ಯಾಡ್ಲರ್ ಎಂಬವರು ೧೯೨೮ರಲ್ಲಿ ಬಾರ್ಲಿಯಲ್ಲಿ ಎಕ್ಸ್ ಕಿರಣಗಳಿಂದ ಇಂಥ ಮಾರ್ಪಾಡುಗಳನ್ನು ತೋರಿಸಿದರು. ಕಡಲೆಕಾಯಿ ಬೆಳೆಗಾರರಲ್ಲಿ ಹೆಸರಾದ ಟಿ.ಎ.ಜಿ.-೨೪ ತಳಿಯು ಟ್ರಾಂಬೆಯಲ್ಲಿ ಕಿರಣಗಳಿಂದ ಪಡೆದ ಮಾರ್ಪಾಡುಗಳ ವಂಶದಿಂದ ಬಂದುದು. ಕಿರಣ ತಾಗಿದ ಬೀಜದಿಂದ ಒಳ್ಳೆಯ ತಳಿಯು ತಾನಾಗಿ ಹುಟ್ಟುವುದೆಂದು ಇದರಿಂದ ತಿಳಿಯಲಾಗದು. ಅನೇಕ ಪೀಳಿಗೆಗಳ ಆಯ್ಕೆ ಮತ್ತು ಪರೀಕ್ಷೆಯ ಬಳಿಕವೇ ತಳಿಯು ರೈತನ ಕೈಗೆ ಬರತಕ್ಕದ್ದು.

ಗ್ರಾಮದ ಮುಖಂಡರು ತಿಳಿಸತಕ್ಕ ಅಂಶಗಳು

೧. ಮೊಳಕೆ ತಡೆಯಲು ಗಾಮಾ ಕಿರಣ ಹಾಯಿಸಿದ ಈರುಳ್ಳಿ, ಆಲೂಗಡ್ಡೆಗಳು ತಿನ್ನಲು ಯೋಗ್ಯವಾದವು. ಗೆಡ್ಡೆಗೂ ಕೋಬಾಲ್ಟಿಗೂ ಸ್ಪರ್ಶವಿರುವುದಿಲ್ಲ. ದೀಪ ಆರಿದ ಕೋಣೆಯಲ್ಲಿ ಬೆಳಕು ಉಳಿಯದಂತೆ ಗೆಡ್ಡೆಯಲ್ಲಿ ಕಿರಣವು ಉಳಿಯುವುದಿಲ್ಲ.

೨. ಇವುಗಳನ್ನು ಯಾವ ಕಾರಣಕ್ಕೂ ಬಿತ್ತನೆಗೆ ಉಪಯೋಗಿಸಬಾರದು. ಕಿರಣ ಹಾಯಿಸಿದ ಪದಾರ್ಥದ ಚೀಲದ ಮೇಲೆ ಆ ವಿಷಯವನ್ನು ನಮೂದಿಸಿ, ವೃತ್ತದೊಳಗೆ ಹೂವಿನಾಕಾರದ ಹಸಿರು ಗುರುತನ್ನು ಹಾಕತಕ್ಕದ್ದೆಂದು ಕಾನೂನಿದೆ. ಚೀಲದಿಂದ ಸುರಿದ ಮೇಲೆ ಗುರುತು ಸಿಗದು. ಆದುದರಿಂದ ಪೇಟೆಯ ರಾಶಿಯಿಂದ ತಾಯಿಗೆಡ್ಡೆಗಳನ್ನು ಕೊಳ್ಳದೆ, ಬೆಳೆದವನ ಗುರುತಿರುವ ಕಡೆಯಿಂದಲೇ ಪಡೆಯುವುದು ಲೇಸು.

೩. ಕಿರಣವು ಮೊಳಕೆಯನ್ನು ತಡೆಯುವುದೇ ಹೊರತು ಕೊಳೆಯುವುದನ್ನಲ್ಲ. ಪೆಟ್ಟು ಬಿದ್ದ, ಕುತ್ತಿಗೆ ಒಣಗದ ಗೆಡ್ಡೆಯು ಕಿರಣ ತಾಗಿದರೂ ಕೊಳೆಯುವುದು. ಚೆನ್ನಾಗಿ ಒಣಗಿಸುವುದೂ, ಆರಿಸುವುದೂ, ಗಾಳಿಯಾಡುವಲ್ಲಿ ಇಡುವುದೂ ತಪ್ಪುವಂತಿಲ್ಲ.

೪. ಗೆಡ್ಡೆಯು ನಿದ್ರೆಯಲ್ಲಿರುವಾಗಲೇ, ಎಂದರೆ ಕಿತ್ತು ಒಣಗಿಸಿದ ಕೆಲವು ವಾರಗಳೊಳಗಾಗಿ, ಕಿರಣ ಹಾಯಿಸತಕ್ಕದ್ದು. ಒಳಗೆ ಮೊಳಕೆಯು ಹೊರಟ ಮೇಲೆ ಮಾಡಿದ ವೆಚ್ಚವು ವ್ಯರ್ಥವಾಗುವ ಸಂಭವವೇ ಹೆಚ್ಚು.

೫. ಬಿತ್ತನೆಯ ಬೀಜವನ್ನು ಅನುಮಾನದಿಂದ ಪರೀಕ್ಷಿಸುವವರು ಮೊಳಕೆ ಬಂದಿತೆಂಬಷ್ಟಕ್ಕೇ ತೃಪ್ತರಾಗದೆ, ಮುಂದಿನ ಎಲೆಗಳು ಕ್ರಮವಾಗಿ ಬರುವುವೇ ಎಂದು ಎರಡು ಮೂರು ವಾರಗಳ ಕಾಲ ನೋಡತಕ್ಕದ್ದು. ಬೀಜದಲ್ಲಿ ಮೊದಲೇ ಇದ್ದ ಕೋಶಗಳು ಹಿಗ್ಗಿದರೆ ಮೊಳಕೆಯು ಕಾಣುವುದು. ಹೊಸ ಕೋಶಗಳು ಹುಟ್ಟಿದರೆ ಮಾತ್ರ ಬೆಳೆಯು ಕೈಗೆ ಬರುವುದು.